ರೆಪ್ಪೆಯ ಮೇಲಿನ ಜಿಡ್ಡುಬಣ್ಣ

ನಮ್ಮ ಮನೆಯ ಮದುವೆಯೊಂದರಲ್ಲಿ ಅಕ್ಕನ ಮಗಳು ರೆಪ್ಪೆಗೆ ತಾಮ್ರದ ಹೊಳಪಿನ ಬಣ್ಣ ಹಚ್ಚಿಕೊಂಡು ಬಂದಿದ್ದಳು. ಪುಡಿಯದಲ್ಲ, ಚಿಕ್ಕ ಗಾಜಿನ ಡಬ್ಬಿಯಲ್ಲಿ ಬರುವ ಕ್ರೀಮಿನದು. ಬೆರಳ ತುದಿಯಲ್ಲಿ ತೆಗೆದು ಒಮ್ಮೆ ಸವರಿದರೆ ಸಾಕು, ಕುಂಚದ ಗೊಡವೆಯಿಲ್ಲ. ಧಾರೆಯ ಹೊತ್ತಿಗೆ ಎಲ್ಲರೂ ಮೆಚ್ಚಿದರು. ಎರಡನೆಯ ಪಂಕ್ತಿಯ ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಬಣ್ಣವೆಲ್ಲ ರೆಪ್ಪೆಯ ಮಡಿಕೆಗೆ ಸರಿದು ಗೆರೆಗಟ್ಟಿತ್ತು. "ಈ ಕ್ರೀಮು ಹಚ್ಚೋದಕ್ಕೇ ಲಾಯಕ್ಕಿಲ್ಲ ಚಿಕ್ಕಮ್ಮ, ದುಡ್ಡು ದಂಡ" ಎಂದು ಕೈಕನ್ನಡಿ ಮಡಚಿಟ್ಟಳು.

ಹುಡುಗಿಯ ತಕರಾರು ಸಣ್ಣದು. ಆದರೆ ರೆಪ್ಪೆಗೆ ಹಚ್ಚುವ ಜಿಡ್ಡುಬಣ್ಣ ಹಚ್ಚಲು ಯೋಗ್ಯವೇ ಎಂಬ ಪ್ರಶ್ನೆಗೆ ಐದು ಸಾವಿರ ವರ್ಷಗಳ ವಯಸ್ಸಾಗಿದೆ. ಬಣ್ಣ ನಿಲ್ಲುತ್ತದೆಯೇ ಎಂಬುದು ಅದರ ಅರ್ಧ ಮಾತ್ರ. ಕಣ್ಣು ಉಳಿಯುತ್ತದೆಯೇ ಎಂಬುದು ಉಳಿದರ್ಧ. ಈ ಎರಡನೆಯದರ ಪರೀಕ್ಷೆ ಯಾರ ಕಣ್ಣಿನ ಮೇಲೆ ನಡೆಯಿತು ಎಂದು ಹುಡುಕಹೊರಟರೆ ಕಥೆ ಅಷ್ಟು ಅಂದವಾಗಿ ಉಳಿಯುವುದಿಲ್ಲ.

ಪ್ರಾಚೀನ ಈಜಿಪ್ಟಿನಿಂದಲೇ ಆರಂಭಿಸಬೇಕು. ಕೈರೋದ ವಸ್ತುಸಂಗ್ರಹಾಲಯದಲ್ಲಿರುವ ನಾರ್ಮರ್ ಫಲಕ ಸುಮಾರು ಕ್ರಿ.ಪೂ. 3100ರದು. ದೊರೆಯೊಬ್ಬನ ವಿಜಯದ ಚಿತ್ರಗಳಿರುವ ಈ ಕಲ್ಲಿನ ಹಲಗೆಯ ನಡುವೆ ಬಟ್ಟಲಿನಂತಹ ಗುಂಡನೆಯ ತಗ್ಗೊಂದಿದೆ. ಈ ಬಗೆಯ ಫಲಕಗಳು ಮೂಲತಃ ಕಣ್ಣಿನ ಬಣ್ಣ ಅರೆಯುವ ಕಲ್ಲುಗಳು. ಮೊದಮೊದಲು ಅಲ್ಲಿ ಹಸಿರು ಬಣ್ಣಕ್ಕೆ ಮನ್ನಣೆಯಿತ್ತು. ಅದು ಮ್ಯಾಲಕೈಟ್ ಎಂಬ ತಾಮ್ರದ ಅದಿರು. ಕಾಲಕ್ರಮದಲ್ಲಿ ಕಪ್ಪು ಮೇಲಾಯಿತು. ಅದು ಗೆಲಿನಾ, ಸೀಸ ಮತ್ತು ಗಂಧಕ ಕೂಡಿದ ಅದಿರು. ಗಂಡಸು ಹೆಂಗಸು ಎಂಬ ಭೇದವಿಲ್ಲದೆ ಎಲ್ಲರೂ ಹಚ್ಚುತ್ತಿದ್ದರು. ಸತ್ತವರ ಜೊತೆಗೂ ಬಣ್ಣದ ನಳಿಕೆಗಳನ್ನು ಇಡುತ್ತಿದ್ದರು. ಹಾಗೆ ಇಟ್ಟದ್ದರಿಂದಲೇ ಇವತ್ತು ನಮಗೆ ಅದರ ಒಳಗುಟ್ಟು ತಿಳಿದಿರುವುದು.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ನಳಿಕೆಗಳಲ್ಲಿ ಉಳಿದಿದ್ದ ಬಣ್ಣವನ್ನು ಫಿಲಿಪ್ ವಾಲ್ಟರ್ ಮತ್ತು ಸಂಗಡಿಗರು ಪರೀಕ್ಷಿಸಿ, ಫಲಿತಾಂಶವನ್ನು 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಗೆಲಿನಾ ಇದ್ದದ್ದು ನಿರೀಕ್ಷಿತವೇ. ಜೊತೆಗೆ ನಿಸರ್ಗದಲ್ಲಿ ತೀರ ಅಪರೂಪವಾದ ಸೀಸದ ಎರಡು ಲವಣಗಳು ಸಿಕ್ಕವು: ಲಾರಿಯೊನೈಟ್ ಮತ್ತು ಫಾಸ್ಜೆನೈಟ್. ಇಷ್ಟು ಪ್ರಮಾಣದಲ್ಲಿ ಇವು ನೆಲದಿಂದ ಸಿಗುವಂತಿಲ್ಲ. ಅಂದರೆ ಯಾರೋ ತಯಾರಿಸಿದ್ದಾರೆ. ಸೀಸದ ಭಸ್ಮವನ್ನು ಉಪ್ಪುನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು ಮತ್ತೆ ಉಪ್ಪುನೀರು ಸೇರಿಸುತ್ತ ವಾರಗಟ್ಟಲೆ ಮಾಡುವ ತಾಳ್ಮೆಯ ಕೆಲಸ ಅದು. ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್ ಮತ್ತು ರೋಮಿನ ಪ್ಲೀನಿ ಬರೆದಿಟ್ಟಿರುವ ಪಾಕವಿಧಾನಗಳು ಇದಕ್ಕೆ ಹೊಂದುತ್ತವೆ. ಈ ಬಣ್ಣಗಳಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಕೊಬ್ಬಿನಂಶವೂ ಇತ್ತು. ಜಿಡ್ಡಿಲ್ಲದೆ ರೆಪ್ಪೆಗೆ ಬಣ್ಣ ಅಂಟದು ಎಂಬುದನ್ನು ನೈಲ್ ತೀರದವರು ಆಗಲೇ ಕಂಡುಕೊಂಡಿದ್ದರು.

ಅಷ್ಟು ಶ್ರಮಪಟ್ಟು ಸೀಸದ ಲವಣ ಮಾಡಿದ್ದು ಏಕೆ? ಬಣ್ಣಕ್ಕೆ ಬಿಳುಪು ಬೆರೆಸಲು ಸುಲಭದ ಬೇರೆ ದಾರಿಗಳಿದ್ದವು. ಕಣ್ಣಿನ ಔಷಧಕ್ಕಾಗಿಯೇ ಮಾಡಿದರು ಎಂಬುದು ಸಂಶೋಧಕರ ಊಹೆ. 2010ರಲ್ಲಿ ಅದೇ ತಂಡದವರು ಕ್ರಿಸ್ಟಿಯನ್ ಅಮಟೋರ್ ಅವರೊಂದಿಗೆ ಸೇರಿ, ಪ್ರಯೋಗಶಾಲೆಯ ಚರ್ಮಕೋಶಗಳಿಗೆ ಅತ್ಯಲ್ಪ ಪ್ರಮಾಣದ ಸೀಸ ಸೋಕಿಸಿ ನೋಡಿದರು. ದೇಹದ ರಕ್ಷಣಾವ್ಯವಸ್ಥೆಯನ್ನು ಎಚ್ಚರಿಸುವ ನೈಟ್ರಿಕ್ ಆಕ್ಸೈಡಿನ ಉತ್ಪತ್ತಿ ಶೇ. 240ರವರೆಗೆ ಏರಿತು. ನೆರೆಯ ಕಾಲದಲ್ಲಿ ಸೋಂಕಿನಿಂದ ಕಣ್ಣು ಕೆಡುತ್ತಿದ್ದ ನಾಡಿನಲ್ಲಿ ಇದು ಉಪಕಾರಿಯಾಗಿದ್ದೀತು ಎಂಬ ವಾದ ಹೊರಟಿತು. ಕೆಲವರು ಇದನ್ನೇ ಹಿಡಿದು ಸೀಸದ ಕಾಡಿಗೆ ಒಳ್ಳೆಯದೆಂದು ಸಾರಿಬಿಟ್ಟರು. ಗಾಜಿನ ತಟ್ಟೆಯಲ್ಲಿ ಕೆಲವು ಗಳಿಗೆ ಇದ್ದ ಕೋಶ ಬೇರೆ, ನಲವತ್ತು ವರ್ಷ ದಿನವೂ ಬಣ್ಣ ಹಚ್ಚಿದ ಮನುಷ್ಯ ಬೇರೆ. ನನಗಂತೂ ಇದು ಈಜಿಪ್ಟಿನವರ ಜಾಣ್ಮೆಗೆ ಸಾಕ್ಷಿಯಾಗಿ ಕಾಣುತ್ತದೆಯೇ ಹೊರತು ಸೀಸಕ್ಕೆ ಕೊಟ್ಟ ಯೋಗ್ಯತಾಪತ್ರವಾಗಿ ಅಲ್ಲ.

ನಮ್ಮಲ್ಲಿಯೂ ಕಣ್ಣಿಗೆ ಹಚ್ಚುವುದನ್ನು ವೈದ್ಯದೊಳಗೇ ಸೇರಿಸಿದ್ದರು. ಚರಕಸಂಹಿತೆ ದಿನಚರಿಯನ್ನು ಹೇಳುವಾಗ ಸೌವೀರಾಂಜನವನ್ನು ದಿನವೂ, ಕಣ್ಣಿನಿಂದ ನೀರಿಳಿಸುವ ರಸಾಂಜನವನ್ನು ಐದು ಅಥವಾ ಎಂಟು ರಾತ್ರಿಗೊಮ್ಮೆಯೂ ಹಚ್ಚಬೇಕೆನ್ನುತ್ತದೆ. ಇದು ಗ್ರಂಥದ ಮಾತು. ಕನ್ನಡದ ಮನೆಗಳ ಕಾಡಿಗೆಯ ದಾರಿಯೇ ಬೇರೆ. ಹೊನಗೊನ್ನೆ ಸೊಪ್ಪಿನ ರಸದಲ್ಲೋ ನಂದಿಬಟ್ಟಲು ಹೂವಿನ ರಸದಲ್ಲೋ ಅದ್ದಿ ಒಣಗಿಸಿದ ಬಟ್ಟೆಯ ಬತ್ತಿ, ಹರಳೆಣ್ಣೆಯ ದೀಪ, ಮೇಲೆ ಬೋರಲು ಹಾಕಿದ ಹಿತ್ತಾಳೆ ತಟ್ಟೆ. ಬೆಳಿಗ್ಗೆ ಆ ಮಸಿಯನ್ನು ಕೆರೆದು ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಕಲಸಿದರೆ ಮುಗಿಯಿತು. ಇದೂ ಕ್ರೀಮೇ! ಆದರೆ ಇಲ್ಲಿರುವುದು ಇಂಗಾಲ, ಸೀಸದ ಸುಳಿವಿಲ್ಲ. ನೋಡಲು ಎರಡೂ ಕಪ್ಪೇ ಆದರೂ ಮಸಿಯ ಕಾಡಿಗೆಗೂ ಅದಿರಿನ ಸುರ್ಮಕ್ಕೂ ಇರುವ ಅಂತರ ದೊಡ್ಡದು.

ಆ ಅಂತರ ಮಕ್ಕಳ ರಕ್ತದಲ್ಲಿ ಕಾಣಿಸಿಕೊಂಡಿತು. ಬ್ರಿಟನ್ನಿನಲ್ಲಿ ನೆಲೆಸಿದ ಏಷ್ಯಾ ಮೂಲದ ಕುಟುಂಬಗಳಲ್ಲಿ ಸುರ್ಮ ಹಚ್ಚಿಸಿಕೊಂಡ ಮಕ್ಕಳಿಗೆ ಸೀಸದ ಅಪಾಯವಿದೆಯೆಂದು ಅಲ್ಲಿನ 'ಬ್ರಿಟಿಷ್ ಮೆಡಿಕಲ್ ಜರ್ನಲ್' 1968ರಲ್ಲಿಯೂ 1978ರಲ್ಲಿಯೂ ವರದಿಗಳನ್ನು ಪ್ರಕಟಿಸಿತು. ಮಗು ಕಣ್ಣುಜ್ಜಿ ಅದೇ ಬೆರಳನ್ನು ಬಾಯಿಗಿಡುತ್ತದೆ. ಕಣ್ಣೀರು ಮೂಗಿನ ನಾಳದಿಂದ ಗಂಟಲಿಗಿಳಿಯುತ್ತದೆ. ದೃಷ್ಟಿಯಾಗದಿರಲಿ ಎಂದು ತಾಯಿ ಹಚ್ಚಿದ್ದು ಮಿದುಳಿಗೆ ಕುತ್ತಾಗಬಲ್ಲದು. ಪ್ರಸಾಧನಗಳಿಗೆ ಬಣ್ಣ ಕೊಡಲು ಸೀಸ ಮತ್ತು ಪಾಷಾಣದ ಸಂಯುಕ್ತಗಳನ್ನು ಬಳಸುವುದನ್ನು ಭಾರತದ ನಿಯಮಗಳು ನಿಷೇಧಿಸಿವೆ.

ಪಾಷಾಣ ಎಂದಾಗ ಯಕ್ಷಗಾನದ ಚೌಕಿ ನೆನಪಾಗುತ್ತದೆ. ಹಿಂದಿನ ಕಲಾವಿದರು ಮುಖಕ್ಕೆ ಬಳಸುತ್ತಿದ್ದ ಹಳದಿ ಅರದಾಳ ಪಾಷಾಣದ ಗಂಧಕ. ಕೆಂಪು ಇಂಗಳೀಕ ಪಾದರಸದ ಗಂಧಕ. ಇವನ್ನು ತೆಂಗಿನೆಣ್ಣೆಯಲ್ಲಿ ಅರೆದು ಕಣ್ಣಿನ ಸುತ್ತ ಬರೆದರೆ ಬೆಳಗಿನವರೆಗೂ ಬೆವರಿಗೆ ಜಗ್ಗುತ್ತಿರಲಿಲ್ಲ. ಬಣ್ಣದ ವೇಷದವರು ಅದರ ಮೇಲೆ ಅಕ್ಕಿಹಿಟ್ಟು ಸುಣ್ಣದ ಚಿಟ್ಟಿಯನ್ನೂ ಇಡುತ್ತಿದ್ದರು. ಇಡೀ ರಾತ್ರಿ ಕುಣಿದರೂ ಅಳಿಯದ ಬಣ್ಣಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ? ಬೆಳಿಗ್ಗೆ ಅದೇ ಎಣ್ಣೆ ಹಚ್ಚಿ ಉಜ್ಜಿ ತೆಗೆಯುತ್ತಿದ್ದ ಚರ್ಮದ ಪಾಡನ್ನು ಮಾತ್ರ ಪ್ರೇಕ್ಷಕ ನೋಡುತ್ತಿರಲಿಲ್ಲ.

ಯುರೋಪಿನಲ್ಲಿಯೂ ಆಧುನಿಕ ಜಿಡ್ಡುಬಣ್ಣ ಹುಟ್ಟಿದ್ದು ರಂಗಭೂಮಿಯಲ್ಲೇ. ಅಲ್ಲಿನ ನಟರು ಬಳಿದುಕೊಳ್ಳುತ್ತಿದ್ದ ಬಿಳುಪಿನಲ್ಲೂ ಸೀಸವಿತ್ತು. ಲುಡ್ವಿಗ್ ಲೈಷ್ನರ್ ಎಂಬ ಜರ್ಮನ್ ಗಾಯಕನಟ 1873ರಲ್ಲಿ ಬರ್ಲಿನ್‌ನಲ್ಲಿ ಉದ್ಯಮ ತೆರೆದು, ಸೀಸವಿಲ್ಲದ ಜಿಡ್ಡುಬಣ್ಣಗಳನ್ನು ಮಾರಿದ. ವೇದಿಕೆಯ ದೂರದಿಂದ ಚೆನ್ನಾಗಿ ಕಂಡ ದಪ್ಪ ಬಣ್ಣ, ಸಿನಿಮಾ ಕ್ಯಾಮೆರಾ ಹತ್ತಿರ ಬಂದಾಗ ಬಿರುಕುಬಿಟ್ಟ ಗೋಡೆಯಂತೆ ಕಾಣಿಸಿತು. ಪೋಲೆಂಡಿನಿಂದ ಅಮೆರಿಕಕ್ಕೆ ಬಂದಿದ್ದ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲಿ ತೆಳುವಾದ, ಮುಖದ ಜೊತೆ ಬಳುಕುವ ಕ್ರೀಮನ್ನು ತಯಾರಿಸಿದ. ತಾರೆಯರ ರೆಪ್ಪೆಯ ನೆರಳು ಪ್ರೇಕ್ಷಕರ ಮನೆ ಸೇರಲು ಹೆಚ್ಚು ದಿನ ಹಿಡಿಯಲಿಲ್ಲ.

ಮಾರುವವನಿಗೆ ಆಗ ಯಾವ ಅಂಕೆಯೂ ಇರಲಿಲ್ಲ. ಅಮೆರಿಕದ 1906ರ ಕಾನೂನು ಆಹಾರಕ್ಕೆ, ಔಷಧಕ್ಕೆ ಅನ್ವಯಿಸುತ್ತಿತ್ತು; ಪ್ರಸಾಧನಗಳನ್ನು ಮುಟ್ಟುತ್ತಿರಲಿಲ್ಲ. 1933ರಲ್ಲಿ 'ಲ್ಯಾಷ್ ಲ್ಯೂರ್' ಎಂಬ ರೆಪ್ಪೆಗೂದಲಿನ ಬಣ್ಣದಿಂದ ಒಬ್ಬ ಮಹಿಳೆ ಎರಡೂ ಕಣ್ಣು ಕಳೆದುಕೊಂಡಳು. ಆ ಬಣ್ಣದಿಂದಾಗಿ ಸಾವೂ ಸಂಭವಿಸಿತು. ಅದರಲ್ಲಿದ್ದದ್ದು ಡಾಂಬರಿನ ಮೂಲದ ರಾಸಾಯನಿಕ. ಸರ್ಕಾರಿ ಅಧಿಕಾರಿಗಳು ಅಪಾಯವನ್ನು ಬಲ್ಲರು, ತಡೆಯುವ ಅಧಿಕಾರವಿಲ್ಲ! ಆಕೆಯ ಮುಖದ ಮೊದಲಿನ ಮತ್ತು ಆಮೇಲಿನ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟು ಜನರ ಮನವೊಲಿಸಬೇಕಾಯಿತು. ಹೊಸ ಕಾನೂನು ಬಂದದ್ದು 1938ರಲ್ಲಿ. ಐದು ವರ್ಷ ಆ ಸೀಸೆ ಅಂಗಡಿಯಲ್ಲೇ ಇತ್ತು.

ಕಾನೂನು ಬಂತು, ಪರೀಕ್ಷೆ ಬೇಕಾಯಿತು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ವಿಜ್ಞಾನಿ ಜಾನ್ ಡ್ರೇಜ್ 1944ರಲ್ಲಿ ಒಂದು ವಿಧಾನ ಪ್ರಕಟಿಸಿದ. ಬಿಳಿ ಮೊಲದ ಕೆಳರೆಪ್ಪೆಯನ್ನು ಎಳೆದು, ಅದರೊಳಗೆ ಪರೀಕ್ಷಿಸಬೇಕಾದ ಪದಾರ್ಥವನ್ನು ಹಾಕಿ, ದಿನಗಟ್ಟಲೆ ಕೆಂಪು, ಊತ, ಪೊರೆಗಳಿಗೆ ಅಂಕ ಕೊಡುವುದು. ಮೊಲಕ್ಕೆ ನಮ್ಮಷ್ಟು ಕಣ್ಣೀರು ಬರುವುದಿಲ್ಲ, ಅದು ನಮ್ಮಷ್ಟು ರೆಪ್ಪೆ ಬಡಿಯುವುದೂ ಇಲ್ಲ. ಹಾಕಿದ್ದು ಬೇಗ ತೊಳೆದುಹೋಗದು. ಪ್ರಯೋಗಕ್ಕೆ ಅನುಕೂಲವೆನಿಸಿದ್ದು ಮೊಲಕ್ಕೆ ಶಾಪವಾಯಿತು. ಮನುಷ್ಯನ ಕಣ್ಣಿನ ಬಗ್ಗೆ ಅದರಿಂದ ಎಷ್ಟು ತಿಳಿಯಿತು ಎಂಬ ಸಂದೇಹವೂ ಅಲ್ಲಿಂದಲೇ ಹುಟ್ಟಿತು. 1980ರಲ್ಲಿ ಹೆನ್ರಿ ಸ್ಪೈರಾ ಎಂಬ ಶಾಲಾಶಿಕ್ಷಕ ರೆವ್ಲಾನ್ ಕಂಪನಿಯನ್ನು ಗುರಿಯಾಗಿಸಿ ಪತ್ರಿಕೆಯಲ್ಲಿ ಪುಟದಗಲ ಜಾಹೀರಾತು ಕೊಟ್ಟ. ಸೌಂದರ್ಯಕ್ಕಾಗಿ ಎಷ್ಟು ಮೊಲಗಳನ್ನು ಕುರುಡಾಗಿಸುತ್ತೀರಿ ಎಂಬುದು ಅವನ ಪ್ರಶ್ನೆ. ವರ್ಷ ಮುಗಿಯುವುದರೊಳಗೆ ಕಂಪನಿ ಪರ್ಯಾಯ ಪರೀಕ್ಷೆಗಳ ಸಂಶೋಧನೆಗೆಂದು ರಾಕ್‌ಫೆಲ್ಲರ್ ವಿಶ್ವವಿದ್ಯಾಲಯಕ್ಕೆ ಏಳೂವರೆ ಲಕ್ಷ ಡಾಲರು ಕೊಡಲೊಪ್ಪಿತು. ಭಾರತವು ಪ್ರಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿ ನಿಷೇಧಿಸಿತು.

ಇನ್ನು ನಿಲ್ಲುವ, ನಿಲ್ಲದ ಮಾತು. ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತ್ಯಂತ ತೆಳು. ನಿಮಿಷಕ್ಕೆ ಹತ್ತಾರು ಸಲ ಮಡಚಿ ಬಿಚ್ಚುವ ಆ ಜಾಗದಲ್ಲಿ ಚರ್ಮದ ಸ್ವಂತ ಎಣ್ಣೆಯೂ ಒಸರುತ್ತದೆ. ಹಳೆಯ ಬಗೆಯ ಕ್ರೀಮುಗಳಲ್ಲಿ ಮೇಣ, ಎಣ್ಣೆ, ಉಣ್ಣೆಯ ಕೊಬ್ಬು ಇರುತ್ತಿದ್ದವು. ಮೈಬಿಸಿಗೆ ಮೇಣ ಮೆದುವಾಗಿ, ಎಣ್ಣೆಗೆ ಎಣ್ಣೆ ಕೂಡಿ ಬಣ್ಣ ಮಡಿಕೆಗೆ ಜಾರುತ್ತಿತ್ತು. ಹೊಸ ಬಗೆಯವುಗಳಲ್ಲಿ ಬೇಗ ಆವಿಯಾಗುವ ಸಿಲಿಕೋನ್ ದ್ರವಗಳಿರುತ್ತವೆ. ಹಚ್ಚಿದ ಒಂದೆರಡು ನಿಮಿಷದಲ್ಲಿ ದ್ರವ ಹಾರಿ, ಬಣ್ಣ ತೆಳ್ಳನೆಯ ಪೊರೆಯಾಗಿ ಕೂರುತ್ತದೆ. ಆ ಎರಡು ನಿಮಿಷ ಕಣ್ಣು ಅರೆಮುಚ್ಚಿ ಸುಮ್ಮನಿರಬೇಕು. ಮದುವೆಮನೆಯಲ್ಲಿ ಅಷ್ಟು ವ್ಯವಧಾನ ಯಾರಿಗಿರುತ್ತದೆ? ಒಣಚರ್ಮದವರಿಗೆ, ಸುಕ್ಕು ಮೂಡಿದ ರೆಪ್ಪೆಯವರಿಗೆ ಪುಡಿಗಿಂತ ಕ್ರೀಮು ಮೇಲು. ಪುಡಿ ಉದುರಿ ಕಣ್ಣಿಗೆ ಬೀಳುವ ಕಾಟವೂ ಇದಕ್ಕಿಲ್ಲ. ಎಣ್ಣೆಚರ್ಮದವರು ತೀರ ತೆಳ್ಳಗೆ ಹಚ್ಚಿ ಮೇಲೆ ಒಂದಿಷ್ಟು ಪುಡಿ ಒತ್ತಬೇಕು. ನೀರಿನಂಶವಿರುವ ಡಬ್ಬಿಗೆ ಬೆರಳದ್ದುತ್ತ ಹೋದರೆ ರೋಗಾಣುಗಳು ಬೆಳೆಯುತ್ತವೆ. ಒಬ್ಬರ ಡಬ್ಬಿ ಇನ್ನೊಬ್ಬರಿಗೆ ಸಲ್ಲದು.

ಇಷ್ಟನ್ನೂ ಅಕ್ಕನ ಮಗಳಿಗೆ ಹೇಳಿದೆ. ಮುಂದಿನ ಸಮಾರಂಭ ಒಂದು ಗೃಹಪ್ರವೇಶ. ಅವಳು ಹಟ ಹಿಡಿದು, ಎಡ ರೆಪ್ಪೆಗೆ ಬೇರೆಯ ಹೊಸ ಕ್ರೀಮು, ಬಲ ರೆಪ್ಪೆಗೆ ಅದೇ ಬಣ್ಣದ ಪುಡಿ ಹಚ್ಚಿಕೊಂಡು, ಬೆಳಿಗ್ಗೆ ಆರಕ್ಕೆ ಹೋಮದ ಹೊಗೆಯ ಎದುರಿಗೇ ಕೂತಳು. ಮಧ್ಯಾಹ್ನ ಎರಡಕ್ಕೆ ಅಜ್ಜಿ ಅವಳ ಗಲ್ಲ ಹಿಡಿದೆತ್ತಿ, "ಇದೇನೇ, ಬಲಗಣ್ಣಿನ ಬಣ್ಣ ಅರ್ಧ ಕೆನ್ನೆಗಿಳಿದಿದೆ?" ಎಂದರು. ಎಡಗಣ್ಣಿನ ಬಗ್ಗೆ ಏನೂ ಹೇಳಲಿಲ್ಲ.