ಟ್ರಿವಿಯಾ

ಟ್ರಿವಿಯಾ ಎಂಬುದು ಹೆಚ್ಚಿನ ಮಹತ್ವವಿಲ್ಲದ ಸಂಗತಿಗಳನ್ನು ಅಥವಾ ಬಿಡಿಬಿಡಿಯಾದ ಸಣ್ಣಪುಟ್ಟ ಮಾಹಿತಿಯನ್ನು ಸೂಚಿಸುವ ಇಂಗ್ಲಿಷ್ ನಾಮಪದ. ಮೂಲದಲ್ಲಿ ಬಹುವಚನವಾದರೂ ಇಂದಿನ ಬಳಕೆಯಲ್ಲಿ ಇದು ಹೆಚ್ಚಾಗಿ ಏಕವಚನದಂತೆ ನಡೆಯುತ್ತದೆ. ಇದರ ವಿಶೇಷಣ ರೂಪ ‘ಟ್ರಿವಿಯಲ್’.

ಪದದ ಮೂಲ

ಲ್ಯಾಟಿನ್ ಭಾಷೆಯಲ್ಲಿ ‘ಟ್ರಿ’ ಎಂದರೆ ಮೂರು, ‘ವಿಯಾ’ ಎಂದರೆ ದಾರಿ. ‘ಟ್ರಿವಿಯಂ’ ಎಂದರೆ ಮೂರು ದಾರಿಗಳು ಕೂಡುವ ಸ್ಥಳ. ನೆಲಮಂಗಲ ಇಂತಹ ಒಂದು ಸ್ಥಳ. ಬೆಂಗಳೂರಿನಿಂದ ಬರುವ ಹೆದ್ದಾರಿ ಅಲ್ಲಿ ಕವಲೊಡೆದು ಒಂದು ತುಮಕೂರಿನ ಕಡೆಗೂ ಇನ್ನೊಂದು ಕುಣಿಗಲ್, ಹಾಸನದ ಕಡೆಗೂ ಸಾಗುತ್ತದೆ. ಕೂಡುದಾರಿಯಲ್ಲಿ ಎಲ್ಲರಿಗೂ ಸಿಗುವಂಥದ್ದು, ಆದ್ದರಿಂದ ಸರ್ವೇಸಾಮಾನ್ಯವಾದದ್ದು ಎಂಬ ಅರ್ಥ ‘ಟ್ರಿವಿಯಾಲಿಸ್’ ಎಂಬ ವಿಶೇಷಣಕ್ಕೆ ಬಂದಿತು. ಮಧ್ಯಯುಗದ ಯುರೋಪಿನಲ್ಲಿ ವ್ಯಾಕರಣ, ತರ್ಕ ಮತ್ತು ವಾಕ್ಕಲೆ ಎಂಬ ಮೂರು ಆರಂಭಿಕ ವಿದ್ಯೆಗಳಿಗೂ ಟ್ರಿವಿಯಂ ಎಂದೇ ಹೆಸರಿತ್ತು. ಇವನ್ನು ಯಾರೂ ಕ್ಷುಲ್ಲಕವೆಂದು ಎಣಿಸಿರಲಿಲ್ಲ. 1716ರಲ್ಲಿ ಜಾನ್ ಗೇ ಲಂಡನ್ನಿನ ಬೀದಿಗಳಲ್ಲಿ ನಡೆಯುವ ಕಲೆಯನ್ನು ಕುರಿತ ತನ್ನ ಕಾವ್ಯಕ್ಕೆ ‘ಟ್ರಿವಿಯಾ’ ಎಂದು ಹೆಸರಿಟ್ಟಾಗಲೂ ಬೀದಿಯ ಅರ್ಥವೇ ಮುಂದಿತ್ತು. ‘ಸಣ್ಣ ಸಂಗತಿಗಳು’ ಎಂಬ ಅರ್ಥ ನೆಲೆಗೊಂಡದ್ದು 20ನೆಯ ಶತಮಾನದಲ್ಲಿ.

ಕನ್ನಡದ ಸಮಾನ ಪದಗಳು

ಕ್ಷುಲ್ಲಕ, ಅಲ್ಪ, ಚಿಲ್ಲರೆ ಎಂಬ ಪದಗಳು ‘ಟ್ರಿವಿಯಲ್’ಗೆ ಸಮೀಪವಾದರೂ ಅವುಗಳಲ್ಲಿ ತಾತ್ಸಾರದ ಧ್ವನಿ ಹೆಚ್ಚು. ‘ಕ್ಷುಲ್ಲಕ ಕಾರಣಕ್ಕೆ ಜಗಳ’ ಎಂಬುದು ಪತ್ರಿಕೆಗಳಲ್ಲಿ ಸವೆದುಹೋದ ಶೀರ್ಷಿಕೆ. ಕಾರಣ ಕ್ಷುಲ್ಲಕವೆಂದು ತೀರ್ಮಾನಿಸುವವರು ಮಾತ್ರ ಜಗಳವಾಡಿದವರಲ್ಲ. ಸಂಸ್ಕೃತ ಮೂಲದ ಈ ಪದದ ಮೊದಲ ಅರ್ಥ ‘ಚಿಕ್ಕದು’ ಎಂದಷ್ಟೇ. ದಿಗಂಬರ ಜೈನ ಸಂಪ್ರದಾಯದಲ್ಲಿ ಮುನಿದೀಕ್ಷೆಗೆ ಮೊದಲಿನ ಹಂತದಲ್ಲಿದ್ದು ಎರಡು ವಸ್ತ್ರಗಳನ್ನು ಮಾತ್ರ ಧರಿಸುವ ತ್ಯಾಗಿಯನ್ನು ಕ್ಷುಲ್ಲಕರೆಂದು ಕರೆಯುತ್ತಾರೆ. ಇಲ್ಲಿ ಅದು ಗೌರವದ ಪದ. ರಸಪ್ರಶ್ನೆಯ ಸಂದರ್ಭದಲ್ಲಿ ಟ್ರಿವಿಯಾ ಎಂಬುದನ್ನು ‘ಸ್ವಾರಸ್ಯಕರ ಮಾಹಿತಿ’ ಎನ್ನುವುದೇ ಸೂಕ್ತ.

ರಸಪ್ರಶ್ನೆಯಲ್ಲಿ ಬಳಕೆ

1960ರ ದಶಕದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ನಡುವೆ ಟ್ರಿವಿಯಾ ಒಂದು ಆಟವಾಯಿತು. ಕೆನಡಾದಲ್ಲಿ 1979ರಲ್ಲಿ ರೂಪುಗೊಂಡ ‘ಟ್ರಿವಿಯಲ್ ಪರ್ಸೂಟ್’ ಆಟ ಅದನ್ನು ಮನೆಮನೆಗೆ ಒಯ್ದಿತು. ಬೆಂಗಳೂರಿನಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಆರಂಭವಾಯಿತು. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ.

ಯಾವುದು ಟ್ರಿವಿಯಾ ಎಂಬುದು ಕೇಳುವವರನ್ನು ಅವಲಂಬಿಸಿದೆ. ದೇವನಹಳ್ಳಿ ಟಿಪ್ಪು ಸುಲ್ತಾನನ ಜನ್ಮಸ್ಥಳ ಎಂಬುದು ಪ್ರವಾಸಿಗೆ ಸ್ವಾರಸ್ಯ, ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಅಂಕ. ಅಲ್ಲಿನ ಚಕ್ಕೋತಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಇದೆ ಎಂಬುದು ರಸಪ್ರಶ್ನೆಯಲ್ಲಿ ಒಂದು ಸಾಲಿನ ಉತ್ತರ. 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಲಿನ ಜಮೀನು ಬಡಾವಣೆಗಳಾಗುತ್ತಿರುವಾಗ, ಚಕ್ಕೋತದ ಗಿಡ ಉಳಿಸಿಕೊಂಡ ಬೆಳೆಗಾರನಿಗೆ ಅದೇ ಮಾಹಿತಿ ಹಣ್ಣಿನ ಬೆಲೆಯ ಪ್ರಶ್ನೆ.