ಹಾಫ್ ಎಂಜಿನ್ನೋ, ಫುಲ್ ಎಂಜಿನ್ನೋ?

ಎಂಬತ್ತರ ದಶಕದ ಕೊನೆಗೆ ನಾನು ಅಹಮದಾಬಾದಿಗೆ ಬಂದಾಗ ಇಲ್ಲಿನ ಗ್ಯಾರೇಜುಗಳಲ್ಲಿ ಪದೇ ಪದೇ ಕೇಳಿಬರುತ್ತಿದ್ದ ಪ್ರಶ್ನೆ ಇದು. ಪೆಟ್ರೋಲ್ ಅಂಬಾಸಿಡರ್‌ಗೆ ಹಳೆಯ ಡೀಸೆಲ್ ಎಂಜಿನ್ ಕೂರಿಸುವವರು, ಮೊದಲು ಅದನ್ನು ಎಷ್ಟು ರಿಪೇರಿ ಮಾಡಿಸಬೇಕು ಅಂತ ತಲೆ ಕೆಡಿಸಿಕೊಳ್ಳುತ್ತಿದ್ದರು.

ಇದಕ್ಕೊಂದು ಇತಿಹಾಸವೇ ಇದೆ. ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿದ್ದು ಇದೇ ಗುಜರಾತಿನ ಓಖಾ ಬಂದರಿನಲ್ಲಿ, 1942ರಲ್ಲಿ. ಆಮೇಲೆ ಬಂಗಾಳದ ಉತ್ತರಪಾರಾಕ್ಕೆ ಹೋಯಿತು. 1980ರ ಸುಮಾರಿಗೆ ಡೀಸೆಲ್ ಅಂಬಾಸಿಡರ್ ಬಂತು. ಆಗಿನ ಪೆಟ್ರೋಲ್ ಎಂಜಿನ್ನೂ ಡೀಸೆಲ್ ಎಂಜಿನ್ನೂ 1489 ಸಿಸಿಯವು, ಬ್ರಿಟನ್ನಿನ ಬಿಎಂಸಿ ಕಂಪನಿಯ ಒಂದೇ ಮನೆತನದವು. ಹಾಗಾಗಿ ಅದಲು ಬದಲು ಮಾಡುವುದು ಅಷ್ಟೇನೂ ಕಷ್ಟವಿರಲಿಲ್ಲ. ಸರಕಾರವೇ ದರ ಕಟ್ಟುತ್ತಿದ್ದ ಕಾಲ, ಡೀಸೆಲ್ ಬಹಳ ಅಗ್ಗ. ಟ್ಯಾಕ್ಸಿಯವರಿಗೆ ಇನ್ನೇನು ಬೇಕು?

ವಡೋದರದಲ್ಲಿ ಹೋಟೆಲ್ ಇಟ್ಟಿದ್ದ ಉಡುಪಿ ಕಡೆಯ ಶೆಟ್ಟರೊಬ್ಬರು ತಮ್ಮನಿಗೆಂದು ಇಂಥದ್ದೊಂದು ಟ್ಯಾಕ್ಸಿ ಮಾಡಿಸಲು ಹೊರಟಿದ್ದರು. ಸೂರತ್‌ನಿಂದ ಅಹಮದಾಬಾದಿಗೆ ಸುಮಾರು 260 ಕಿ.ಮೀ. ನಡುದಾರಿಯಲ್ಲಿ ಎಂಜಿನ್ ಕೈಕೊಟ್ಟರೆ ಬಾಡಿಗೆಯೂ ಹೋಯಿತು, ಸಾಲದ ಕಂತೂ ನಿಂತಿತು. "ಪೂರ್ತಿ ಮಾಡಿಸಿದ್ರೆ ದುಡ್ಡು ಹೋಗ್ತದೆ, ಬಿಟ್ರೆ ಗಾಡಿ ನಿಲ್ತದೆ. ಎಂತ ಮಾಡೂದು ಮಾರಾಯ್ರೆ?" ಅಂದರು.

ಹಾಫ್ ಎಂದರೆ ಹೆಡ್ ಬಿಚ್ಚಿ ವಾಲ್ವ್, ಪಿಸ್ಟನ್ ರಿಂಗುಗಳ ಕೆಲಸ. ಫುಲ್ ಎಂದರೆ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ ಎಲ್ಲ. ಮುದಿ ಮಿಸ್ತ್ರಿ ಎರಡಕ್ಕೂ ಹೂಂ ಅನ್ನಲಿಲ್ಲ. ಮೊದಲು ಎಂಜಿನ್ನನ್ನು ನೆಲದ ಮೇಲೆಯೇ ಓಡಿಸಿ, ಆಯಿಲ್ ಮುಚ್ಚಳ ತೆಗೆದು ಹೊಗೆ ನೋಡಿದರು. ನಾಜಲ್ ಕಳಚಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆದರು. ಡೀಸೆಲ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲವಲ್ಲ, ಒತ್ತಿದ ಗಾಳಿಯ ಬಿಸಿಗೇ ಬೆಂಕಿ ಹತ್ತಬೇಕು. ಒತ್ತಡ ಕಡಿಮೆಯಾದರೆ ಚಳಿಗಾಲದ ಬೆಳಿಗ್ಗೆ ಸ್ಟಾರ್ಟೇ ಆಗದು. ಕೊನೆಗೆ ಎಂಜಿನ್ ಬಿಚ್ಚಿ ಬೋರ್, ಕ್ರ್ಯಾಂಕ್ ಎರಡನ್ನೂ ಅಳೆದರು. ಬೋರ್ ಮಿತಿಯೊಳಗಿತ್ತು, ಕ್ರ್ಯಾಂಕ್ ಎರಡು ಕಡೆ ಸವೆದಿತ್ತು.

ಅವರ ಲೆಕ್ಕ ಸರಳ: ಗಾಡಿಯಲ್ಲಿ ಕೂತ ಮೇಲೂ ಕೈಗೆ ಸಿಗುವುದು ಕಾಯಬಹುದು, ಎಂಜಿನ್ ಇಳಿಸದೆ ಸಿಗದ್ದನ್ನು ಈಗಲೇ ಮಾಡಿ. ಹಾಗಾಗಿ ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ಹಿಂದಿನ ಆಯಿಲ್ ಸೀಲ್, ಕ್ಲಚ್ ಆಯಿತು. ಪಿಸ್ಟನ್ ಹೇಗೂ ಹೊರಬಂದಿತ್ತು, ರಿಂಗೂ ಹೊಸದಾಯಿತು. ಬೋರಿಂಗ್ ಬೇಡವೆಂದರು. ಹಾಫೂ ಅಲ್ಲ, ಫುಲ್ಲೂ ಅಲ್ಲ! ಪಂಪ್, ನಾಜಲ್ ಕೆಲಸ ಮುಂದಕ್ಕೆ ಹೋಯಿತು. ಅಂದ ಹಾಗೆ, ಆ ಮಾತು ಬಂದಾಗಲೆಲ್ಲ ಗುಜರಾತಿ ಮಿಸ್ತ್ರಿಗಳ ಬಾಯಲ್ಲಿ "ಮೈಕೋ" ಅಂತ ಕೇಳಿ ನನಗೆ ಊರವರು ಸಿಕ್ಕಷ್ಟು ಖುಷಿ. 1951ರಲ್ಲಿ ಶುರುವಾದ ನಮ್ಮ ಆಡುಗೋಡಿಯ ಮೈಕೋಗೆ 2008ರಿಂದ ಬಾಷ್ ಎಂಬ ಹೆಸರು.

1998ರಲ್ಲಿ ಡೀಸೆಲ್ ಇಂಡಿಕಾ ಬಂದ ಮೇಲೆ ಕಾರ್ಖಾನೆಯಿಂದಲೇ ಸಣ್ಣ ಡೀಸೆಲ್ ಕಾರು ಸಿಕ್ಕಿತು. 2014ರ ಮೇಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು, ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರಕಾರದ ಹಿಡಿತವೂ ಹೋಯಿತು. ಆದರೆ ಹಳೆಯ ಜನರೇಟರ್, ಪಂಪ್‌ಸೆಟ್ ಕೊಳ್ಳುವವರಿಗೆ ಆ ಮಿಸ್ತ್ರಿಯ ಲೆಕ್ಕ ಇವತ್ತಿಗೂ ನಡೆಯುತ್ತದೆ.