ಹೆರಿಂಗ್ ಮೀನು: ಯೆಹೂದಿ ಆಹಾರ ನಿಯಮಗಳಲ್ಲಿ

ಹೆರಿಂಗ್, ಉತ್ತರ ಅಟ್ಲಾಂಟಿಕ್‌ನಲ್ಲಿ ದೊಡ್ಡ ಹಿಂಡುಗಳಾಗಿ ಸಾಗುವ, ಎಣ್ಣೆಯಂಶ ಹೆಚ್ಚಿರುವ ಮೀನು. ನಮ್ಮ ಕರಾವಳಿಯ ಭೂತಾಯಿಯ ಸಂಬಂಧಿ. ಈಜುರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನನ್ನಷ್ಟೇ ತಿನ್ನಬಹುದೆಂದು ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯ ವಿಧಿಸುತ್ತದೆ. ಹೆರಿಂಗಿಗೆ ಎರಡೂ ಇವೆ, ಆದ್ದರಿಂದ ಅದು ಕೋಷರ್, ಅಂದರೆ ಈ ನಿಯಮಗಳ ಪ್ರಕಾರ ತಿನ್ನಬಹುದಾದದ್ದು. ಜಾತಿಯ ಬಗ್ಗೆ ತಕರಾರಿಲ್ಲ. ತಕರಾರು ಎದ್ದದ್ದು ಉದುರುವ ಹುರುಪೆ, ಬಲೆಗೆ ಜೊತೆಯಲ್ಲಿ ಬೀಳುವ ಬೇರೆ ಮೀನು ಮತ್ತು ಒಳಗಿನ ಹುಳುಗಳ ಬಗ್ಗೆ. ಜನಪ್ರಿಯ ಬರಹಗಳು ಈ ಮೂರನ್ನೂ ಒಂದೇ ಪ್ರಶ್ನೆಯಾಗಿ ಕಲಸಿಬಿಡುತ್ತವೆ.

ಹೆರಿಂಗಿನ ಹುರುಪೆ ತೆಳುವಾದದ್ದು; ಬಲೆಯಲ್ಲಿ ಒಂದಕ್ಕೊಂದು ಉಜ್ಜಿದರೂ ಸಾಕು, ಕಳಚಿ ಬೀಳುತ್ತದೆ. ನೀರಿನಿಂದ ಮೇಲೆತ್ತುವಾಗ ಹುರುಪೆ ಉದುರಿಸಿಕೊಳ್ಳುವ ಮೀನೂ ಗ್ರಾಹ್ಯವೆಂದು ಯೆಹೂದಿ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್ ಹೇಳಿದೆ. ಅಲ್ಲಿ ಬರುವ ಹೆಸರುಗಳು ಯಾವ ಮೀನಿನವು ಎಂಬುದರಲ್ಲಿ ಮಾತ್ರ ವಿದ್ವಾಂಸರಲ್ಲಿ ಒಮ್ಮತವಿಲ್ಲ. 13ನೇ ಶತಮಾನದಲ್ಲಿ ರಬ್ಬಿ (ಯೆಹೂದಿ ಧರ್ಮಗುರು) ನಾಹ್ಮನಿಡಿಸ್, ಚರ್ಮ ಹರಿಯದಂತೆ ಕೈಯಿಂದಲೋ ಚಾಕುವಿನಿಂದಲೋ ತೆಗೆಯಬಹುದಾದದ್ದೇ ಹುರುಪೆ ಎಂದು ವಿವರಿಸಿದರು. ಈ ಅಳತೆಗೆ ಹೆರಿಂಗ್ ಸುಲಭವಾಗಿ ನಿಲ್ಲುತ್ತದೆ.

ಹಿಂಡಿನ ಜೊತೆ ನಿಷಿದ್ಧ ಮೀನೂ ಬಲೆಗೆ ಬೀಳಬಹುದೆಂಬ ಆತಂಕ ಹಳೆಯದು. ಯೆಹೂದಿಯಲ್ಲದವರಿಂದ ಕೊಚ್ಚಿದ ಉಪ್ಪುಮೀನು ಕೊಳ್ಳುವುದನ್ನು ತಾಲ್ಮುಡ್ಡಿನ ಮೂಲಪಾಠವಾದ ಮಿಶ್ನಾ ತಡೆದರೂ, ತಲೆ ಮತ್ತು ಬೆನ್ನೆಲುಬು ಗುರುತು ಸಿಗುವ ಮೀನಿಗೆ ತಾಲ್ಮುಡ್ ಅಡ್ಡಿ ಹೇಳಲಿಲ್ಲ. ಪೂರ್ವ ಯುರೋಪಿನ ಬಡ ಯೆಹೂದಿಗಳ ಊಟಕ್ಕೆ ಪೀಪಾಯಿಗಳಲ್ಲಿ ಬರುತ್ತಿದ್ದ ಉಪ್ಪು ಹೆರಿಂಗ್ ಆಧಾರವಾಗಿತ್ತು. 

ಹುಳುವಿನ ವಿವಾದ ಈಚಿನದು, ಈಗಲೂ ಮುಗಿದಿಲ್ಲ. ಹಸಿ ಹೆರಿಂಗ್ ತಿಂದವರ ಹೊಟ್ಟೆನೋವಿಗೆ ಅನಿಸಾಕಿಸ್ ಎಂಬ ಹುಳುವಿನ ಮರಿ ಕಾರಣವೆಂದು 1960ರಲ್ಲಿ ಡಚ್ ಸಂಶೋಧಕ ವಾನ್ ಥೀಲ್ ಮತ್ತು ಸಂಗಡಿಗರು ತೋರಿಸಿದರು. 1968ರಲ್ಲಿ ನೆದರ್ಲೆಂಡ್ಸ್ ಇಂಥ ಹೆರಿಂಗನ್ನು ಹೆಪ್ಪುಗಟ್ಟಿಸುವುದನ್ನು ಕಡ್ಡಾಯ ಮಾಡಿತು. ಹೆಪ್ಪುಗಟ್ಟಿಸಿದರೆ ಹುಳು ಸಾಯುತ್ತದೆ, ಧರ್ಮಶಾಸ್ತ್ರದ ಪ್ರಶ್ನೆ ಉಳಿಯುತ್ತದೆ. ಮೀನಿನ ಮಾಂಸದಲ್ಲೇ ಹುಟ್ಟಿದ ಹುಳು ತಿನ್ನಬಹುದು, ಹೊರಗಿನಿಂದ ಕರುಳು ಸೇರಿದ್ದು ನಿಷಿದ್ಧ ಎಂಬುದು ತಾಲ್ಮುಡ್ಡನ್ನು ಆಧರಿಸಿದ ರೂಢಿಯ ವಿಂಗಡಣೆ. ಅನಿಸಾಕಿಸ್ ಮರಿಯಾದರೋ ಮೀನು ನುಂಗಿದ ಸಣ್ಣ ಸಿಗಡಿಯಂಥ ಜೀವಿಗಳಿಂದ ಕರುಳಿಗೆ ಬಂದು, ಅಲ್ಲಿಂದ ಮಾಂಸಕ್ಕೆ ಇಳಿಯುತ್ತದೆ. 2010ರ ಸುಮಾರಿಗೆ ಇಂಥ ಮೀನುಗಳ ವಿಷಯದಲ್ಲಿ ಜೆರುಸಲೇಮಿನ ರಬ್ಬಿ ಎಲ್ಯಾಶಿವ್ ನಿಷೇಧದ ಕಡೆ ನಿಂತರು. ಆಹಾರಕ್ಕೆ ಕೋಷರ್ ಪ್ರಮಾಣಪತ್ರ ಕೊಡುವ ಅಮೆರಿಕದ ಆರ್ಥೊಡಾಕ್ಸ್ ಯೂನಿಯನ್, ರಬ್ಬಿ ಬೆಲ್ಸ್ಕಿಯವರ ಅಭಿಪ್ರಾಯದಂತೆ, ಮಾಂಸದಲ್ಲಿ ಸಿಕ್ಕ ಹುಳುವಿಗೆ ಹಳೆಯ ಅನುಮತಿಯೇ ಸಾಕೆಂದಿತು. ಕಟ್ಟುನಿಟ್ಟಿನ ಮನೆಗಳಲ್ಲಿ ಮೀನಿನ ತುಂಡನ್ನು ಬೆಳಕಿಗೆ ಹಿಡಿದು ಹುಳು ಹುಡುಕುವ ಪದ್ಧತಿ ಇದೆ.